ತಹಜ್ಜುದ್ ಹೊತ್ತಿನ ಬಚ್ಚಲ ದೀಪ

ನನ್ನ ಗರ್ಭಕೋಶ ಕೆಳಗೆ ಜಾರಿತ್ತು. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಸುತ್ತಿ ಬಳಸಿ, ಮಳೆ ಬೆಳೆ ಮಾತಾಡಿ, ಕೊನೆಗೆ ಅದನ್ನು ಹೇಳದೆಯೇ ಎದ್ದು ಹೋಗುವ ಪೈಕಿ ನಾನು. ಸಕ್ಕರೆ ಕಾಯಿಲೆಯವರು ಮದುವೆ ಮನೆಯಲ್ಲಿ ‘ನನಗ ಶುಗರ್ ಐತ್ರಿ, ಲಾಡು ಬ್ಯಾಡ’ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಾರೆ. ಬಿಪಿ ಇದ್ದವರಿಗಂತೂ ಅದೊಂದು ಗತ್ತು. ನನ್ನ ಕಾಯಿಲೆಯ ಹೆಸರು ಬಂದರೆ ಹೆಂಗಸರು ಹೆಂಗಸರ ಮುಂದೆಯೇ ಸೆರಗು ಬಾಯಿಗೆ ಹಚ್ಚುತ್ತಾರೆ. ನಾನೂ ಹಚ್ಚಿದವಳೇ.

ನಮ್ಮದು ಯಲಬುರ್ಗಾ. ನಾವು ನದಾಫರು, ಅರಳೆ ಹಿಂಜಿ ಗಾದಿ ಹೊಲಿಯುವವರು. ಮನೆಯಲ್ಲಿ ಆಡುವುದೂ ಕನ್ನಡವೇ. ನನ್ನ ಗಂಡ ಹುಸೇನಸಾಬರು ಮುಂದಿನ ಪಡಸಾಲೆಯಲ್ಲಿ ಅರಳೆ ಹಿಂಜುತ್ತಾರೆ, ನಾನು ಒಳಗೆ ಕೂತು ಗಾದಿಯ ಹೊರಚೀಲ ಖೋಳ ಹೊಲಿಯುತ್ತೇನೆ, ಅರಳೆ ತುಂಬುತ್ತೇನೆ, ಅದು ಸರಿಯದಂತೆ ಟಾಕಿ ಹೊಲಿಗೆ ಹಾಕುತ್ತೇನೆ. ಮನೆಯಲ್ಲಿ ನಾವಿಬ್ಬರು, ಕೊಪ್ಪಳದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಮಗಳು ರೇಷ್ಮಾ, ಮತ್ತೆ ನಮ್ಮ ಅತ್ತೆ ಫಕೀರಮ್ಮ. ಅತ್ತೆಗೆ ಎಪ್ಪತ್ತು ದಾಟಿದೆ. ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಈ ಅತ್ತೆಯ ಹೆಸರು ನಮ್ಮ ಓಣಿಯಲ್ಲಿ ದೊಡ್ಡದು. ಕಾರಣ ತಹಜ್ಜುದ್. ದಿನಕ್ಕೆ ಐದು ಹೊತ್ತಿನ ನಮಾಜು ಎಲ್ಲರ ಮೇಲೂ ಇದೆ. ತಹಜ್ಜುದ್ ಹಾಗಲ್ಲ. ಒಂದು ನಿದ್ದೆ ಮುಗಿಸಿ, ಬೆಳಗಿನ ಫಜರ್ ಆಜಾನಿಗೆ ಇನ್ನೂ ಹೊತ್ತಿರುವಾಗ, ಯಾರೂ ಕರೆಯದೆ ತಾನಾಗಿ ಎದ್ದು ಎರಡೆರಡು ರಕಾತ್, ಅಂದರೆ ನಿಂತು ಬಾಗಿ ಹಣೆ ಹಚ್ಚುವ ಎರಡೆರಡು ಸುತ್ತು, ಮಾಡುವ ನಮಾಜು ಅದು. ಮಾಡದಿದ್ದರೆ ಪಾಪವಿಲ್ಲ. ಮಾಡಿದರೆ ಆ ಹೊತ್ತಿನ ದುವಾ, ಬೇಡಿಕೊಂಡದ್ದು, ಖಾಲಿ ಹೋಗುವುದಿಲ್ಲ ಎಂದು ನಮ್ಮ ನಂಬಿಕೆ. ಮನಸ್ಸು ಹಗುರಾಗುತ್ತದೆ, ಮುಖಕ್ಕೆ ಬೆಳಕು ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಾನು ಸೊಸೆಯಾಗಿ ಬಂದ ಹೊಸತರಲ್ಲೇ ರಾತ್ರಿ ಬಚ್ಚಲಲ್ಲಿ ದೀಪ, ನೀರಿನ ಸದ್ದು, ಆಮೇಲೆ ಅತ್ತೆಯ ಸಣ್ಣ ಪಿಸುಮಾತು ಕೇಳಿ ಬೆರಗಾಗಿದ್ದೆ. ‘ನಮ್ಮವ್ವ ಒಂದ್ ರಾತ್ರೀನೂ ತಪ್ಪಿಸಿಲ್ಲ’ ಎಂದು ಗಂಡ ಹೆಮ್ಮೆಯಿಂದ ಹೇಳಿದ್ದರು. ನನಗೆ ಆಗ ಹಾಸಿಗೆ ಬಿಟ್ಟರೆ ಬೇರೆ ಸ್ವರ್ಗ ಬೇಡವಾಗಿತ್ತು.

ಕಾಯಿಲೆ ಶುರುವಾದದ್ದು ಮದುವೆಗಳ ಕಾಲದಲ್ಲಿ. ಹೆಣ್ಣಿನ ಮನೆಯವರಿಗೆಲ್ಲ ಒಂದೇ ಸಲ ಗಾದಿ ಬೇಕು. ಗಂಡ ಊರಲ್ಲಿಲ್ಲದ ದಿನ ಒದ್ದೆ ಅರಳೆಯ ಚೀಲವೊಂದನ್ನು ಮಾಳಿಗೆಗೆ ಒಣಹಾಕಲು ನಾನೇ ಹೊತ್ತೆ. ಮೆಟ್ಟಿಲ ನಡುವೆ ಒಳಗಿಂದ ಏನೋ ಕಳಚಿ ಕೆಳಗಿಳಿದಂತಾಯಿತು. ನೋವಿರಲಿಲ್ಲ. ಕೂತು ನೀರು ಕುಡಿದು ಮತ್ತೆ ಚೀಲ ಎತ್ತಿದೆ. ಆ ಎರಡನೇ ಸಲ ಎತ್ತಿದ್ದನ್ನು ನೆನೆದರೆ ಈಗಲೂ ನನ್ನ ತಲೆಗೆ ನಾನೇ ಒಂದು ಮೊಟಕಬೇಕು ಅನಿಸುತ್ತದೆ.

ಆಮೇಲೆ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಬಟ್ಟೆ ಒದ್ದೆ. ನಾನು ನಗುವುದನ್ನೇ ಕಡಿಮೆ ಮಾಡಿದೆ. ‘ಅವ್ವ ಈಗ ಭಾಳ ಗಂಭೀರ ಆಗ್ಯಾಳ’ ಎಂದು ಮಗಳು ಆಡಿಕೊಂಡಳು.

ರಮಜಾನ್ ಬಂತು. ನಮ್ಮ ಓಣಿಯ ಹೆಂಗಸರು ರಾತ್ರಿ ಒಂದು ಮನೆಯ ಪಡಸಾಲೆಯಲ್ಲಿ ಸೇರಿ ತರಾವೀಹ್ ನಮಾಜು ಮಾಡುತ್ತೇವೆ. ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಲ್ಲಬೇಕು. ಮೊದಲ ರಾತ್ರಿಯೇ ಸಜ್ದಾಕ್ಕೆ ಹಣೆ ನೆಲಕ್ಕೆ ಹಚ್ಚಿದಾಗ ನನಗೆ ಗೊತ್ತಾಗಿಹೋಯಿತು. ಮೂತ್ರ ಬಂದರೆ ಕೈಕಾಲು ಮುಖ ತೊಳೆದು ಮಾಡಿಕೊಂಡ ವಜೂ ಮುರಿಯಿತು, ವಜೂ ಮುರಿದರೆ ನಮಾಜು ಹೋಯಿತು. ಎದ್ದು ಹೋಗೋಣವೆಂದರೆ ಸೀರೆಯ ಹಿಂಭಾಗ ಎಲ್ಲರ ಕಣ್ಣಿಗೆ. ಹಾಗಾಗಿ ಕೊನೆಯವರೆಗೂ ನಿಂತೆ, ಬಾಗಿದೆ, ಎದ್ದೆ. ಅಲ್ಲಾಹನ ಮುಂದೆ ಹೊಲಸು ಬಟ್ಟೆಯಲ್ಲಿ ನಾಟಕ ಮಾಡಿದಂತೆ ನಾಚಿಕೆಯಾಯಿತು. ಮರುದಿನದಿಂದ ಮೊಣಕಾಲು ನೋವು ಎಂದು ಹೇಳಿ ಹೋಗುವುದನ್ನು ಬಿಟ್ಟೆ.

ಬಟ್ಟೆ ಒಗೆಯುವುದೇ ದೊಡ್ಡ ಕೆಲಸವಾಯಿತು. ಹಗಲಲ್ಲಿ ಒಗೆದರೆ ‘ಇದೇನವ್ವ, ದಿನಾ ಇಷ್ಟ್ ಬಟ್ಟಿ’ ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೆ ಎಲ್ಲರೂ ಮಲಗಿರುವಾಗಲೇ, ನಸುಕಿಗೂ ಮುಂಚೆ ಏಳುತ್ತಿದ್ದೆ. ಬಚ್ಚಲ ದೀಪ ಹಾಕಿ, ತುಂಡುಬಟ್ಟೆಗಳನ್ನು ಒಗೆದು, ಹಿತ್ತಲ ಹಗ್ಗಕ್ಕೆ ಹಾಕಿ ಅವುಗಳ ಮೇಲೆ ಗಾದಿ ಖೋಳ ಹರವುತ್ತಿದ್ದೆ. ಊರಿಗೆಲ್ಲ ಗಾದಿ ಹೊಲಿದು ಕೊಡುವ ಮನೆಯಲ್ಲಿ ನಿದ್ದೆ ಇಲ್ಲದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಪಕ್ಕದ ಮನೆ ಗೌರಕ್ಕನದು. ರೊಟ್ಟಿ ಬಡಿದು ಮಾರುವವರು, ಬೆಳಗಿನ ಜಾವ ಎದ್ದು ಒಲೆ ಹಚ್ಚುತ್ತಾರೆ. ಅವರ ಹಿತ್ತಲಿಂದ ನಮ್ಮ ಬಚ್ಚಲ ಕಿಟಕಿ ಕಾಣುತ್ತದೆ. ಒಂದು ಬೆಳಿಗ್ಗೆ ಬಿಸಿ ರೊಟ್ಟಿ ಕೊಡಲು ಬಂದವರು ಕೈ ಹಿಡಿದುಕೊಂಡು ಹೇಳಿದರು:

“ಶರೀಫವ್ವಾ, ನೀನೂ ನಿಮ್ಮತ್ತಿ ದಾರಿ ಹಿಡದೀಯಲ್ಲ! ದಿನಾ ಎರಡ್ ಸಲ ದೀಪ ನೋಡ್ತೀನಿ, ನೀರಿನ ಸಪ್ಪಳ ಕೇಳ್ತೀನಿ. ಅತ್ತಿಗೆ ತಕ್ಕ ಸೊಸಿ ನೋಡು.”

ಬಾಯಿ ತೆರೆದೆ. ಏನು ಹೇಳಲಿ? ನಮಾಜಲ್ಲ ಗೌರಕ್ಕ, ಉಚ್ಚೆ ಬಟ್ಟೆ ಎನ್ನಲೇ? ಬಾಯಿ ಮುಚ್ಚಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಓಣಿಯಲ್ಲಿ ಸುದ್ದಿಯಾಗಲು ಎಷ್ಟು ಹೊತ್ತು? ಹೆಂಗಸರು ಒಬ್ಬೊಬ್ಬರಾಗಿ ಬಂದರು. ಮಗಳಿಗೆ ಗಂಡು ಸಿಗಲಿ, ಗಿಣಿಗೇರಾದ ಕಾರ್ಖಾನೆಯಲ್ಲಿ ಮಗನ ಕೆಲಸ ಕಾಯಂ ಆಗಲಿ, ಸೊಸೆ ತವರಿಂದ ತಿರುಗಿ ಬರಲಿ. ‘ರಾತ್ರಿ ನಮಾಜಿನ್ಯಾಗ ನಮ್ಮ ಹೆಸರೂ ತಗೊಳ್ರೀ’ ಎನ್ನುವರು. ಗೌರಕ್ಕನೂ ಕೇಳಿದರು, ಬಸುರಿ ಮಗಳ ಸಲುವಾಗಿ. ನಾನು ತಲೆ ಅಲ್ಲಾಡಿಸುತ್ತಿದ್ದೆ. ಅವರು ಹೋದ ಮೇಲೆ ಮೈಯೆಲ್ಲ ಮುಳ್ಳು.

ಹಾಗೆ ನಿಜವಾಗಿಯೂ ತಹಜ್ಜುದ್ ಶುರುಮಾಡಿದೆ. ಭಕ್ತಿಯಿಂದ ಅಂತ ಹೇಳಲಾರೆ. ಹೆದರಿಕೆಯಿಂದ. ಅಷ್ಟು ಜನರ ಹೆಸರು ಹೊತ್ತುಕೊಂಡು ಅಲ್ಲಾಹನಿಗೆ ಮುಟ್ಟಿಸದಿದ್ದರೆ ಹೇಗೆ ಎಂಬ ದಿಗಿಲು. ಬಟ್ಟೆ ಒಗೆದು, ಸ್ನಾನ ಮಾಡಿ, ಒಣಗಿದ ಸೀರೆ ಉಟ್ಟು, ಬೇಗ ಬೇಗ ಎರಡು ರಕಾತ್ ಮುಗಿಸುತ್ತಿದ್ದೆ. ಸಜ್ದಾದಲ್ಲಿ ಹೆಚ್ಚು ಹೊತ್ತು ಇರುವ ಧೈರ್ಯವಿರಲಿಲ್ಲ. ಒದ್ದೆಯಾದರೆ ಮತ್ತೆ ಮೊದಲಿಂದ. ಒಂದೊಂದು ರಾತ್ರಿ ಮೂರು ಸಲ ವಜೂ ಮಾಡಿದ್ದೂ ಉಂಟು. ಆದರೂ ಒಂದು ಮಾತು ಹೇಳಲೇಬೇಕು. ಆ ಹೊತ್ತಿನಲ್ಲಿ ಯಾರ ಭುಜವೂ ನನ್ನ ಭುಜಕ್ಕೆ ತಾಗುತ್ತಿರಲಿಲ್ಲ, ಯಾರಿಗೂ ನನ್ನ ವಾಸನೆ ಬರುವ ಭಯವಿರಲಿಲ್ಲ. ಹಗಲಿಡೀ ಮುಚ್ಚಿಟ್ಟುಕೊಂಡದ್ದನ್ನು ಅಲ್ಲಿ ಮುಚ್ಚಬೇಕಿರಲಿಲ್ಲ. ಉಳಿದವರ ಹೆಸರುಗಳನ್ನೆಲ್ಲ ಹೇಳಿ ನನ್ನದು ಬಂದಾಗ ಮಾತ್ರ ಮಾತು ನಿಲ್ಲುತ್ತಿತ್ತು. ಕಾಯಿಲೆಯ ಹೆಸರನ್ನು ದುವಾದಲ್ಲಿ ಹೇಳಲೂ ನಾಚಿಕೆ.

ಕೆಲವು ರಾತ್ರಿ ಬಚ್ಚಲ ಬಾಗಿಲಲ್ಲಿ ನಾನೂ ಅತ್ತೆಯೂ ಎದುರುಬದುರಾಗುತ್ತಿದ್ದೆವು. ನಾನು ಬಟ್ಟೆಯನ್ನು ಸೆರಗಿನಲ್ಲಿ ಅಡಗಿಸುತ್ತಿದ್ದೆ. ಅವರೂ ಸೆರಗು ಬಿಗಿಯಾಗಿ ಹೊದ್ದು ಮುಖ ತಿರುಗಿಸಿ ಹೋಗುತ್ತಿದ್ದರು. ಅವರ ಭಕ್ತಿಯ ಮುಂದೆ ನನ್ನದು ಎಂಥ ಬಾಳು ಎಂದು ಕುಗ್ಗುತ್ತಿದ್ದೆ.

ಎಲ್ಲ ಹೊರಬಿದ್ದದ್ದು ಬಸ್ಸಿನಲ್ಲಿ. ಗೌರಕ್ಕನ ಮಗಳಿಗೆ ಕೊಪ್ಪಳದಲ್ಲಿ ಹೆರಿಗೆಯಾಗಿತ್ತು, ಕೂಸು ನೋಡಲು ಇಬ್ಬರೂ ಹೊರಟೆವು. ಅಂಥ ಪ್ರಯಾಣದ ದಿನ ನಾನು ಮುಂಜಾನೆಯಿಂದ ನೀರು ಮುಟ್ಟುತ್ತಿರಲಿಲ್ಲ. ಆದರೂ ಎರಡು ದಿನದಿಂದ ಕೆಳಹೊಟ್ಟೆ ಬಿಗಿದು, ಮೂತ್ರ ಸರಿಯಾಗಿ ಹೋಗದೆ, ಸಣ್ಣ ಜ್ವರ ಬೇರೆ. ದಾರಿಯಲ್ಲಿ ಬಸ್ಸು ಒಂದು ಹಂಪ್ ಮೇಲೆ ಧಡ್ ಎಂದು ಎತ್ತಿ ಹಾಕಿತು. ಅಷ್ಟೆ. ತಡೆಯಲಾಗಲಿಲ್ಲ. ಸೀಟು ಒದ್ದೆಯಾಗಿ ಕೆಳಗೆ ಹರಿಯಿತು. ಮುಂದಿನ ಸೀಟಿನ ಹುಡುಗಿಯರು ಕಾಲು ಎತ್ತಿಕೊಂಡು ಹಿಂದೆ ನೋಡಿದರು. ಆ ಬಸ್ಸು ಹಾಗೇ ಹಳ್ಳಕ್ಕೆ ಬೀಳಲಿ ಎಂದು ಬೇಡಿಕೊಂಡೆ. ಉಳಿದವರ ಜೀವದ ಚಿಂತೆ ನನಗೆ ಆಗ ಬರಲಿಲ್ಲ.

ಗೌರಕ್ಕ ನನ್ನ ಮುಖ ನೋಡಿದರು, ನೆಲ ನೋಡಿದರು. ತಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುವಿ, ನನ್ನ ತೊಡೆಯ ಮೇಲೆ ಪೂರ್ತಿ ಸುರಿದರು. ಆಮೇಲೆ ಬಸ್ಸೆಲ್ಲ ಕೇಳುವಂತೆ ಕೂಗಿದರು:

“ಅಯ್ಯೋ ನನ್ನ ಕೈ ಸೇದಿ ಹೋಗ್ಲಿ! ಪೂರಾ ನೀರು ಚೆಲ್ಲಿ ನಿನ್ನ ಸೀರಿ ತೋಯಿಸಿಬಿಟ್ಟೆ ನೋಡವ್ವಾ. ಏ ತಂಗೀ, ಕಾಲ ತಗೀರಿ, ನೀರು ಬರಾಕತ್ತೇತಿ.”

ಹುಡುಗಿಯರು ನಕ್ಕು ಮುಂದೆ ತಿರುಗಿದರು. ನಾನು ಗೌರಕ್ಕನ ಭುಜಕ್ಕೆ ಹಣೆ ಹಚ್ಚಿ ಅತ್ತುಬಿಟ್ಟೆ. ಅವರು ಕಿವಿಯಲ್ಲಿ ಕೇಳಿದರು, “ಯಾವಾಗಿಂದ?” ಹೇಳಿದೆ. “ರಾತ್ರಿ ದೀಪ?” ಅದನ್ನೂ ಹೇಳಿದೆ. ಗೌರಕ್ಕ, “ಮತ್ತ ನನ್ನ ಮಗಳ ಹೆಸರು ತಗೊಂಡಿದ್ದೀಯೋ ಇಲ್ಲೋ?” ಎಂದರು. “ತಗೊಂಡೀನಿ,” ಅಂದೆ. “ಹಂಗಾದ್ರ ಏನೂ ಸುಳ್ಳಾಗಿಲ್ಲ ಬಿಡು. ಕೂಸು ಆಮ್ಯಾಲ ನೋಡೂಣು, ಮೊದಲ ಡಾಕ್ಟರ್ ಕಡೆ ನಡಿ.”

ಹೆಂಗಸರ ಆಸ್ಪತ್ರೆಯ ಕಾಯುವ ಕೋಣೆ. ಸುತ್ತ ಬಸುರಿ ಹುಡುಗಿಯರು, ಕೈಯಲ್ಲಿ ಹಸಿರು ಬಳೆ, ಪಕ್ಕದಲ್ಲಿ ತವರಿನವರು. ಅವರ ನಡುವೆ ನಾನು, ಗೌರಕ್ಕ ಮಗಳಿಗೆಂದು ಚೀಲದಲ್ಲಿ ತಂದಿದ್ದ ಸೀರೆ ಉಟ್ಟು. ನರ್ಸಮ್ಮ ಬಾಗಿಲಲ್ಲಿ ನಿಂತು, “ಗರ್ಭಕೋಶ ಜಾರಿದವ್ರು ಯಾರ್ರೀ? ಒಳಗ ಬರ್ರೀ” ಎಂದು ಕೂಗಿದಳು. ನಾನು ಗೋಡೆಯ ಮೇಲಿನ ಕೂಸಿನ ಚಿತ್ರವನ್ನೇ ನೋಡುತ್ತ ಕೂತೆ. ಅದು ನಾನಲ್ಲವೇ ಅಲ್ಲ ಎಂಬಂತೆ. ಎರಡನೇ ಸಲ ಕೂಗಿದಾಗ ಗೌರಕ್ಕ ಎದ್ದು, “ನಾವರೀ” ಎಂದರು. ನಾವು ಎಂದರು. ಆ ಒಂದು ಮಾತಿನ ಋಣ ನನ್ನ ಮೇಲಿದೆ.

ಡಾಕ್ಟರಮ್ಮ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕೈ ತೊಳೆದುಕೊಳ್ಳುತ್ತ, “ಇದು ನಿಮ್ಮ ತಪ್ಪಿನಿಂದ ಬಂದದ್ದಲ್ಲರೀ. ಇಷ್ಟು ದಿನ ಯಾಕ ಸುಮ್ಮನಿದ್ರಿ?” ಎಂದರು. ಆಪರೇಷನ್ ಆಗಬೇಕು, ಮೊದಲು ಜ್ವರ ಇಳಿಯಬೇಕು ಎಂದು ಅಲ್ಲೇ ಸೇರಿಸಿಕೊಂಡರು.

ಗಂಡನಿಗೆ ಹೇಳಿದ್ದು ಫೋನಿನಲ್ಲಿ, ಅದೂ ಗೌರಕ್ಕನ ಬಾಯಿಂದ. ಸಂಜೆ ಬಂದವರು ಹಾಸಿಗೆಯ ಪಕ್ಕ ನಿಂತು ಬಹಳ ಹೊತ್ತು ಟೋಪಿ ತೆಗೆದು ಹಾಕಿ ಮಾಡಿದರು. “ಚೀಲಾ ಹೊತ್ತ ದಿನದಿಂದನಾ?” ಎಂದು ಕೇಳಿದರು. ಹೂಂ ಅಂದೆ. “ನನ್ನ ಮುಂದ ಹೇಳಾಕ ಏನಾಗಿತ್ತ?” ಎಂದರು. ಆಮೇಲೆ ತಾವೇ, “ಹೇಳಿದ್ರೂ ನಾ ಏನ್ ತಿಳ್ಕೊಳ್ಳಾಂವ ಇದ್ದೆ ಬಿಡು” ಎಂದು ಹೊರಗೆ ಹೋದರು. ಆಪರೇಷನ್ ದಿನ ಯಲಬುರ್ಗಾದಿಂದ ಬಸ್ಸಿನ ಮೇಲೆ ಹಾಕಿಕೊಂಡು ಒಂದು ತೆಳು ಗಾದಿ ತಂದಿದ್ದರು. ಅವರೇ ಹಿಂಜಿ, ಅವರೇ ಹೊಲಿದದ್ದು. ಟಾಕಿ ಎಲ್ಲ ಸೊಟ್ಟ. ಅದರ ಮೇಲೆ ಮಲಗಿ ನಾನು ತಿಂಗಳುಗಳ ನಂತರ ಮೈಮರೆತು ನಿದ್ದೆ ಮಾಡಿದೆ.

ಆಪರೇಷನ್ ಆದ ಮೇಲೆ ಮೂತ್ರಕ್ಕೆ ನಳಿಗೆ ಹಾಕಿದ್ದರು, ಮಂಚದ ಪಕ್ಕಕ್ಕೆ ಚೀಲ ತೂಗುತ್ತಿತ್ತು. ನೋಡಲು ಬಂದವರೆಲ್ಲ ಮೊದಲು ಆ ಚೀಲ ನೋಡಿ ಆಮೇಲೆ ನನ್ನ ಮುಖ ನೋಡುತ್ತಿದ್ದರು. ಮಗಳು ಅದರ ಮೇಲೆ ತನ್ನ ಓಢಣಿ ಹಾಕಿದಳು. ಜೊತೆಗೆ ಇರಲು ಅತ್ತೆ ಬಂದಿದ್ದರು. ಮಧ್ಯಾಹ್ನದ ಆಜಾನ್ ಕೇಳಿಸಿದಾಗ ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಈ ನಳಿಗೆ ಇಟ್ಟುಕೊಂಡು ನನಗೆಲ್ಲಿಯ ವಜೂ, ಎಲ್ಲಿಯ ನಮಾಜು?

“ಯಾಕ ಅಳ್ತೀ?” ಎಂದರು ಅತ್ತೆ. ಹೇಳಿದೆ.

“ತಡಿಲಾರದೆ ಹೋಗೋರಿಗೆ ಮಾಫಿ ಐತಿ,” ಎಂದರು ಅವರು, ತಡವರಿಸದೆ. “ಹೊತ್ತಿಗೊಮ್ಮೆ ಹೊಸಾ ವಜೂ ಮಾಡ್ಕೊ. ಆ ಹೊತ್ತು ಮುಗಿಯೂತನಕ ಹನಿ ಬಿದ್ರೂ ನಡಿತೈತಿ. ನಡುವ ಬಿಡಬ್ಯಾಡ, ತಿರುಗಿ ಮಾಡೂದೂ ಬ್ಯಾಡ. ಮಲಕೊಂಡೇ ಮಾಡು. ರಾತ್ರಿದಕ್ಕ ಎದ್ದ ಮ್ಯಾಲ ಮತ್ತೊಮ್ಮೆ ವಜೂ ಮಾಡ್ಕೊಂಡ್ರಾತು.”

ನನಗೆ ಯಾರೂ ಹೇಳಿರಲಿಲ್ಲ. ಕೇಳಲು ಬಾಯಿ ಬಂದಿರಲಿಲ್ಲ. ಇಷ್ಟು ದಿನ ಒಂದೊಂದು ಹನಿಗೂ ಎದ್ದು ಓಡಿದ್ದೆನಲ್ಲ ಎಂದು ಹಗುರಾಯಿತು. ಆ ಹಗುರದಲ್ಲೇ ಕೇಳಿಬಿಟ್ಟೆ: “ಅತ್ತೀ, ನಿಮಗ ಇಷ್ಟೆಲ್ಲಾ ಹೆಂಗ ಗೊತ್ತು?”

ಅತ್ತೆ ಮಗಳ ಓಢಣಿಯನ್ನು ಎತ್ತಿ, ಮತ್ತೆ ಚೀಲದ ಮೇಲೆ ಸರಿಯಾಗಿ ಹೊದಿಸಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ಸಣ್ಣ ದನಿಯಲ್ಲಿ ಹೇಳಿದರು:

“ನಿಮ್ಮ ಮಾವನ ಕಡಿಯಿಂದ ಮೌಲ್ವಿಗಳಿಗೆ ಕೇಳಿಸಿದ್ದೆ. ನಮ್ಮ ತವರಾಗ ಯಾರೋ ಒಬ್ಬಾಕಿಗೆ ಹಿಂಗ ಆಗೇತಿ ಅಂತ ಸುಳ್ಳ ಹೇಳಿ. ಹುಸೇನ ಹುಟ್ಟಿದ ಮ್ಯಾಲ ಶುರುವಾತು. ಹಡದ ವಾರಕ್ಕ ಕೊಡ ಹೊತ್ತಿದ್ದೆ.”

ಹುಸೇನ ಎಂದರೆ ನನ್ನ ಗಂಡ. ಅವರಿಗೀಗ ಐವತ್ತು.

ಎಲ್ಲ ತಾನಾಗಿ ಕಣ್ಣ ಮುಂದೆ ಬಂತು. ಅತ್ತೆ ಬಚ್ಚಲ ಪಕ್ಕದ ಸಣ್ಣ ಕೋಣೆಯನ್ನೇ ಹಟ ಮಾಡಿ ಇಟ್ಟುಕೊಂಡದ್ದು. ಯಾವ ಮದುವೆಗೂ ದೂರದ ಊರಿಗೆ ಬಾರದೆ ‘ನನಗ ಬಸ್ ಆಗೂದಿಲ್ಲ’ ಎಂದದ್ದು. ಯಾವಾಗಲೂ ಕಪ್ಪು, ಕಂದು ಸೀರೆ. ಬಿಸಿಲಿಗೆ ಗಾದಿ ಖೋಳದ ಕೆಳಗೆ ಒಣಗುವ ತುಂಡುಬಟ್ಟೆಗಳಲ್ಲಿ ನನ್ನವಲ್ಲದವೂ ಇದ್ದವು. ನಾನು ಅವನ್ನು ಕಂಡಿದ್ದೆ. ನೆಲ ಒರೆಸುವ ಬಟ್ಟೆ ಎಂದುಕೊಂಡಿದ್ದೆ. ಒಂದೇ ಬಚ್ಚಲಲ್ಲಿ, ಒಂದೇ ದೀಪದ ಕೆಳಗೆ, ಒಬ್ಬರಿಗೊಬ್ಬರು ಸೆರಗು ಮುಚ್ಚಿಕೊಂಡು ಇಷ್ಟು ತಿಂಗಳು ಬದುಕಿದ್ದೆವು. ಅವರ ಬೇನೆಯನ್ನು ನಾನು ಭಕ್ತಿ ಎಂದು ಹೊಗಳುತ್ತ ಓಡಾಡಿದ್ದೆ. ನನ್ನ ಕಾಯಿಲೆಗಾಗಿ ಪಟ್ಟ ನಾಚಿಕೆಯೆಲ್ಲ ಆ ಕ್ಷಣದ ನಾಚಿಕೆಯ ಮುಂದೆ ಏನೂ ಅಲ್ಲ.

“ಡಾಕ್ಟರಿಗೆ ತೋರಸೂಣು ಅತ್ತೀ, ಇಲ್ಲೇ ಅದೀವಲ್ಲ,” ಅಂದೆ.

“ಹುಚ್ಚದೀಯೇನು? ಈ ವಯಸ್ಸಿಗೆ ಆ ಪರೀಕ್ಷೆ ಮಾಡೂ ಮಂಚದ ಮ್ಯಾಲ ಮಲಗಲೇನು?”

ಮನೆಗೆ ಬಂದ ಮೇಲೂ ನಾನು ಬಿಡಲಿಲ್ಲ. ಅವರೂ ಬಗ್ಗಲಿಲ್ಲ. ಡಾಕ್ಟರಮ್ಮನನ್ನು ಕೇಳಿ ಬಂದು, ಕೊಯ್ಯುವುದೇನಿಲ್ಲ, ಗರ್ಭಕೋಶ ಜಾರದಂತೆ ಒಳಗೆ ಒಂದು ಮೆತ್ತನೆಯ ರಿಂಗ್ ಕೂರಿಸುತ್ತಾರಂತೆ ಎಂದೆ. ಬೇಡ. ರೇಷ್ಮಾ ಹೇಳಿದಳು. ಬೇಡ. ಕೊನೆಗೆ ಒಂದು ದಿನ ನನ್ನ ಮುಂದೆ ಖೋಳ ಹಿಡಿದು ಕೂತಾಗ ಇದ್ದ ಮಾತು ಆಡಿದರು.

“ಶರೀಫಾ, ನಾ ಏನ್ ಅಲ್ಲಾನ ಮ್ಯಾಲಿನ ಪ್ರೀತಿಗೆ ಏಳ್ತಿದ್ನೇನು? ಒದ್ದಿ ಬಟ್ಟಿ ಎಬ್ಬಸ್ತಿತ್ತು. ಎದ್ದೀನಲ್ಲ ಅಂತ ನಿಂದರ್ತಿದ್ದೆ. ನಿಂತೂ ನಿಂತೂ ಆ ಹೊತ್ತು ನಂದಾತು. ಅಲ್ಲೇ ನಾ ಎಲ್ಲಾ ಹೇಳ್ಕೊಂಡೀನಿ, ನಿಮ್ಮ ಮಾವ ಹೋದಾಗೂ ಅಲ್ಲೇ ಅತ್ತೀನಿ. ಈಗ ಇದು ನೆಟ್ಟಗಾತಂದ್ರ ಮುಂಜಾನಿತನಕ ಮಲಗಿ ಬಿಡ್ತೀನಿ. ಆಮ್ಯಾಲ ನನ್ನ ಯಾರು ಎಬ್ಬಸ್ತಾರ?”

“ನಾ ಎಬ್ಬಸ್ತೀನಿ,” ಅಂದೆ.

“ನೀನು? ಮದುವಿ ಆಗಿ ಬಂದಾಗ ನಿನ್ನ ಎಬ್ಬಸಾಕ ಮನಿಮಂದಿ ಎಲ್ಲಾ ಬೇಕಾಗ್ತಿತ್ತು!”

“ಮಾತು ಕೊಡ್ತೀನಿ ಅತ್ತೀ.”

ಕೊಪ್ಪಳಕ್ಕೆ ಹೋಗಿ ಬಂದೆವು. ಗೌರಕ್ಕನೂ ಜೊತೆಗಿದ್ದರು, ಚೀಲದಲ್ಲಿ ಎರಡು ಬಾಟಲಿ ನೀರು ಇಟ್ಟುಕೊಂಡು. ಬೇಕಾಗಲಿಲ್ಲ. ನರ್ಸಮ್ಮ ಅದೇ ದನಿಯಲ್ಲಿ ಕೂಗಿದಳು. ಅತ್ತೆ ನೆಲ ನೋಡುತ್ತ ಕೂತರು. ನಾನು ಎದ್ದು ನಿಂತು, “ನಾವರೀ” ಅಂದೆ.

ಆ ರಾತ್ರಿ ಮೊಬೈಲಿನ ಅಲಾರಂ ದಿಂಬಿನ ಕೆಳಗೆ ಇಟ್ಟು ಮಲಗಿದೆ. ಮೈ ಎಬ್ಬಿಸದೆ, ಬಟ್ಟೆ ಎಬ್ಬಿಸದೆ ನಾನಾಗಿ ಎದ್ದ ಮೊದಲ ರಾತ್ರಿ ಅದು. ಅತ್ತೆಯ ಕೋಣೆಗೆ ಹೋದೆ. ಬಾಯಿ ಸ್ವಲ್ಪ ತೆರೆದು, ಒಂದು ಕೈ ಕೆನ್ನೆಯ ಕೆಳಗಿಟ್ಟು ಗಾಢ ನಿದ್ದೆಯಲ್ಲಿದ್ದರು. ಅವರು ರಾತ್ರಿ ಮಲಗಿದ್ದನ್ನು ನಾನು ಕಂಡೇ ಇರಲಿಲ್ಲ. ಎಬ್ಬಿಸಲು ಮನಸ್ಸು ಬರಲಿಲ್ಲ. ನಾನೊಬ್ಬಳೇ ನಮಾಜು ಮಾಡಿ ಮಲಗಿದೆ.

ಬೆಳಿಗ್ಗೆ ಅತ್ತೆ ಮನೆ ಎದ್ದು ಕುಣಿಯುವಂತೆ ಕೂಗಾಡಿದರು. “ಇದs ಏನು ನಿನ್ನ ಮಾತು? ನಾಳೆ ಎಬ್ಬಸ್ಲಿಲ್ಲಂದ್ರ ಈ ರಿಂಗ್ ತಗದು ತಿಪ್ಪಿಗೆ ಒಗೀತೀನಿ!” ಗಂಡ ಏನೂ ತಿಳಿಯದೆ ನನ್ನ ಮುಖ ನೋಡಿದರು.

ಮರುರಾತ್ರಿ ಎಬ್ಬಿಸಿದೆ. ಬಚ್ಚಲ ದೀಪ ಹಾಕಿ ಒಬ್ಬರ ಕೈಗೆ ಒಬ್ಬರು ನೀರು ಹಾಕಿ ವಜೂ ಮಾಡಿದೆವು. ಅಕ್ಕಪಕ್ಕ ಜಾನಮಾಜ್ ಚಾಪೆ ಹಾಸಿದೆವು. ನನಗಿನ್ನೂ ಬಾಗುವಂತಿರಲಿಲ್ಲ, ಕುರ್ಚಿಯ ಮೇಲೆ ಕೂತೇ ಮಾಡಿದೆ. ಮುಗಿಸಿ ಸಲಾಮ್ ಹೇಳಿ ಪಕ್ಕಕ್ಕೆ ನೋಡಿದರೆ ಅತ್ತೆ ಇನ್ನೂ ಸಜ್ದಾದಲ್ಲಿದ್ದರು. ಯಾವಾಗಲೂ ಮುಳ್ಳು ಚುಚ್ಚಿದವರಂತೆ ತಲೆ ಎತ್ತುವವರು. ಅದನ್ನು ಮುದುಕಿಯ ಗಡಿಬಿಡಿ ಎಂದು ನಾನು ಒಳಗೊಳಗೆ ನಕ್ಕಿದ್ದೆ. ಈಗ ಹಣೆ ನೆಲಕ್ಕೆ ಹಚ್ಚಿದವರು ಏಳಲೇ ಇಲ್ಲ. ಹೊರಗೆ ಗೌರಕ್ಕನ ಒಲೆಯ ಹೊಗೆ ಬರತೊಡಗಿತು. ಆದರೂ ಏಳಲಿಲ್ಲ. ನಾನು ಕುರ್ಚಿಯಿಂದ ಅರ್ಧ ಎದ್ದೆ.

ಆಗ ತಲೆ ಎತ್ತಿದರು. ಕೂತು, ನಿಧಾನಕ್ಕೆ ಬಲಕ್ಕೆ ಎಡಕ್ಕೆ ಸಲಾಮ್ ಹೇಳಿ, ನನ್ನ ಗಾಬರಿ ಮುಖ ನೋಡಿದರು.

“ಹಂಗ್ಯಾಕ ನೋಡ್ತೀ?” ಎಂದರು. “ಇಷ್ಟು ವರ್ಷದ್ದು ಉಳದಿತ್ತು.”